ಮೀನಿನ ಪಿತ್ತದಲ್ಲಿ ಅಳಿವೆಯ ಗುಟ್ಟು

ಕಾಣೆ ಮೀನು ಹೆಚ್ಚಲು ಕೂತಾಗಲೆಲ್ಲ ಅಮ್ಮ ಹೇಳುತ್ತಿದ್ದುದು ಒಂದೇ ಮಾತು: "ಪಿತ್ತ ಒಡೆದೀತು, ಮೆಲ್ಲಗೆ." ಹೊಟ್ಟೆ ಸೀಳಿ, ಕರುಳು ಎಳೆದು, ಲಿವರಿಗೆ ಅಂಟಿಕೊಂಡ ಆ ಪುಟಾಣಿ ಹಸಿರು ಚೀಲವನ್ನು ಉಗುರು ತಾಗದ ಹಾಗೆ ಬಿಡಿಸಿ ಎಸೆಯಬೇಕು. ಒಡೆದರೆ ಸಾರೆಲ್ಲ ಕಹಿ. ಅಂಗಳದ ಬೆಕ್ಕು ಕೂಡ ಅದನ್ನು ಮೂಸಿ, ಮುಖ ತಿರುಗಿಸಿ ಹೋಗುತ್ತಿತ್ತು.

ಆ ಬೆಕ್ಕೂ ಬೇಡವೆಂದ ಚೀಲವನ್ನು ಅಷ್ಟೇ ಜಾಗ್ರತೆಯಿಂದ ಬಿಡಿಸಿ, ಗಾಜಿನ ಸೀಸೆಗೆ ಹಾಕಿ, ಮಂಜಿನಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ಯುವವರು ಜಗತ್ತಿನಲ್ಲಿದ್ದಾರೆ ಎಂದು ನನಗೆ ಗೊತ್ತಾದದ್ದು ತೀರಾ ತಡವಾಗಿ. ಆ ಒಂದು ಹನಿ ಪಿತ್ತಕ್ಕೆ ನೇರಳಾತೀತ ಬೆಳಕು ಬಿಟ್ಟರೆ ಅದು ಹೊಳೆಯುತ್ತದಂತೆ! ಎಷ್ಟು ಹೊಳೆಯುತ್ತದೆ ಎಂಬುದರ ಮೇಲೆ, ಆ ಮೀನು ಈಜುತ್ತಿದ್ದ ಅಳಿವೆಯ ತಳದಲ್ಲಿ ಡಾಂಬರಿನ ವಿಷ ಎಷ್ಟಿದೆ ಎಂದು ಹೇಳಬಹುದಂತೆ. ಅದನ್ನು ಓದಿದ ದಿನದಿಂದ ನನ್ನ ಪಾಲಿಗೆ ಮೀನು ಬರೀ ಮೀನಾಗಿ ಉಳಿದಿಲ್ಲ.

ಕಥೆಯ ನಾಯಕ ಒಂದು ಬೆರಳುದ್ದದ ಮೀನು. ಅಮೆರಿಕದ ಪೂರ್ವ ಕರಾವಳಿಯ ಉಪ್ಪುಜೌಗಿನಲ್ಲಿ, ಹುಲ್ಲಿನ ಬುಡದಲ್ಲಿ, ಕೆಸರುಗಾಲುವೆಗಳಲ್ಲಿ ಲಕ್ಷಗಟ್ಟಲೆ ಸಿಗುವ ಕಿಲ್ಲಿಫಿಶ್. ಅಲ್ಲಿನ ಜನರ ಬಾಯಲ್ಲಿ ಅದು ಮಮ್ಮಿಚಾಗ್. ನರಗಾನ್ಸೆಟ್ ಮೂಲನಿವಾಸಿಗಳ ಭಾಷೆಯಿಂದ ಬಂದ ಹೆಸರು. ಗುಂಪಾಗಿ ಹೋಗುವುದು ಎಂದು ಅರ್ಥ. ತಿನ್ನಲು ಯಾರೂ ಕೊಳ್ಳುವುದಿಲ್ಲ, ಗಾಳಕ್ಕೆ ಸಿಕ್ಕಿಸಲು ಮಾತ್ರ ಉಪಯೋಗ. ಇಂಥ ಲೆಕ್ಕಕ್ಕಿಲ್ಲದ ಮೀನು 1973ರಲ್ಲಿ ಸ್ಕೈಲ್ಯಾಬ್ ನೌಕೆಯೇರಿ ಬಾಹ್ಯಾಕಾಶಕ್ಕೆ ಹೋಗಿತ್ತು ಎಂದರೆ ನಂಬುತ್ತೀರಾ? ಬಾಹ್ಯಾಕಾಶ ಕಂಡ ಮೊದಲ ಮೀನು ಅದೇ. ಎರಡು ಮೀನು, ಜೊತೆಗೆ 50 ಮೊಟ್ಟೆ. ಭಾರವಿಲ್ಲದ ನೀರಿನಲ್ಲಿ ಮೇಲೆ ಯಾವುದು ಕೆಳಗೆ ಯಾವುದು ಎಂದು ತಿಳಿಯದೆ ಆ ಎರಡು ಮೀನು ಮೊದಲು ಗಿರಗಿರನೆ ಸುತ್ತಿದವು. ಆಮೇಲೆ ಬೆಳಕಿನ ಕಡೆಗೆ ಬೆನ್ನು ಮಾಡಿ ಈಜುವುದನ್ನು ಕಲಿತವು. ಅಲ್ಲೇ ಮೊಟ್ಟೆಯೊಡೆದು ಬಂದ ಮರಿಗಳಿಗೆ ಆ ಗೊಂದಲವೂ ಇರಲಿಲ್ಲ!

ಇದರ ಗಟ್ಟಿತನಕ್ಕೆ ಅಳತೆಯಿಲ್ಲ. ಸಿಹಿನೀರಿಗೆ ಹಾಕಿ, ಬದುಕುತ್ತದೆ. ಕಡಲಿಗಿಂತ ಮೂರು ಪಟ್ಟು ಉಪ್ಪಿನ ನೀರಿಗೆ ಹಾಕಿ, ಅಲ್ಲೂ ಬದುಕುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದ ನೀರನ್ನೇರಿ ದಡದ ಹುಲ್ಲಿನ ಬುಡದಲ್ಲಿ, ಖಾಲಿ ಚಿಪ್ಪುಗಳೊಳಗೆ ಮೊಟ್ಟೆಯಿಟ್ಟು ಬರುತ್ತದೆ. ನೀರು ಇಳಿಯುತ್ತದೆ. ಮೊಟ್ಟೆಗಳು ಗಾಳಿಯಲ್ಲೇ ಬೆಳೆಯುತ್ತವೆ. ಮುಂದಿನ ದೊಡ್ಡ ಭರತ ಬಂದು ಮುಟ್ಟಿದಾಗ ಒಡೆಯುತ್ತವೆ. ಪಂಚಾಂಗ ಯಾರು ಕಲಿಸಿದರೋ!

ಆದರೆ ನಮ್ಮ ಕಥೆಗೆ ಬೇಕಾದ ಗುಣ ಇನ್ನೊಂದು. ಮಮ್ಮಿಚಾಗ್ ಊರು ಬಿಟ್ಟು ಹೋಗುವುದಿಲ್ಲ. ಬೇಸಿಗೆಯಿಡೀ ಅದರ ಓಡಾಟ ದಡದ ಸುಮಾರು 36 ಮೀಟರ್ ಒಳಗೆ ಮುಗಿಯುತ್ತದೆ ಎಂದು ಗುರುತು ಹಾಕಿ ಬಿಟ್ಟು ನೋಡಿದವರು ಕಂಡುಕೊಂಡಿದ್ದಾರೆ. ಅಂದರೆ ನೀವು ಹಿಡಿದ ಮೀನು ಉಂಡದ್ದು, ಉಸಿರಾಡಿದ್ದು, ಹೊರಳಿದ್ದು ಎಲ್ಲ ಆ ಕೆಸರಿನಲ್ಲೇ. ಸಾಕ್ಷಿ ಹೇಳಲು ಇಂಥವನೇ ಬೇಕು.

ವರ್ಜೀನಿಯಾ ರಾಜ್ಯದ ಎಲಿಜಬೆತ್ ನದಿಗೆ ನದಿ ಎಂದು ಹೆಸರೇ ಹೊರತು ಅದು ಪೂರ್ತಿ ಅಳಿವೆ. ಚೆಸಪೀಕ್ ಕೊಲ್ಲಿಯ ಉಪ್ಪುನೀರು ದಿನಕ್ಕೆರಡು ಸಲ ಒಳನುಗ್ಗಿ ಹಿಂದೆ ಸರಿಯುವ ಕವಲು. ದಡದ ಉದ್ದಕ್ಕೂ ನಾರ್ಫೋಕ್, ಪೋರ್ಟ್ಸ್‌ಮತ್ ನಗರಗಳು, ಹಡಗುಕಟ್ಟೆಗಳು, ನೌಕಾನೆಲೆ. ಪೋರ್ಟ್ಸ್‌ಮತ್ ಬದಿಯಲ್ಲಿ 1926ರಿಂದ 1992ರವರೆಗೆ ಮರಕ್ಕೆ ಕ್ರಿಯೋಸೋಟ್ ಕುಡಿಸುವ ಕಾರ್ಖಾನೆಯೊಂದಿತ್ತು: ಅಟ್ಲಾಂಟಿಕ್ ವುಡ್. ಕ್ರಿಯೋಸೋಟ್ ಅಂದರೆ ಕಲ್ಲಿದ್ದಲಿನ ಟಾರನ್ನು ಬಟ್ಟಿ ಇಳಿಸಿ ತೆಗೆದ ಕಪ್ಪೆಣ್ಣೆ. ಹಳೇ ರೈಲು ಹಳಿಯ ಮರದ ಸ್ಲೀಪರುಗಳ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ನಡೆದವರಿಗೆ ಆ ವಾಸನೆ ಮರೆಯುವಂಥದ್ದಲ್ಲ. ಗೆದ್ದಲು ಹತ್ತಿರ ಸುಳಿಯದು, ಮರ ಕೊಳೆಯದು. ಕಾರ್ಖಾನೆಯ ಆ ಎಣ್ಣೆ ದಶಕಗಟ್ಟಲೆ ಸೋರಿ, ಹರಿದು, ಅಳಿವೆಯ ತಳ ಸೇರಿತು.

ವರ್ಜೀನಿಯಾ ಸಾಗರವಿಜ್ಞಾನ ಸಂಸ್ಥೆಯ ವೋಲ್ಫ್‌ಗಾಂಗ್ ಫೋಗೆಲ್‌ಬೈನ್ ಮತ್ತು ಜೊತೆಗಾರರು ಆ ಕಾರ್ಖಾನೆಯ ಮುಂದಿನ ಕೆಸರಿನಿಂದ ಮಮ್ಮಿಚಾಗ್‌ಗಳನ್ನು ಹಿಡಿದು ಹೊಟ್ಟೆ ಸೀಳಿದರು. 1990ರಲ್ಲಿ ಅವರು ಪ್ರಕಟಿಸಿದ ಅಂಕಿಗಳನ್ನು ಇವತ್ತು ಓದಿದರೂ ಕೈ ತಣ್ಣಗಾಗುತ್ತದೆ. ನೂರರಲ್ಲಿ 93 ಮೀನುಗಳ ಯಕೃತ್ತಿನಲ್ಲಿ ಬರಿಗಣ್ಣಿಗೇ ಕಾಣುವ ಕಲೆ, ಗಂಟು. ನೂರರಲ್ಲಿ 33ಕ್ಕೆ ಯಕೃತ್ತಿನ ಕ್ಯಾನ್ಸರ್! ಅಷ್ಟು ಕೊಳೆಯಿಲ್ಲದ ಬೇರೆ ಎರಡು ಜಾಗಗಳಿಂದ ತಂದ ಅದೇ ಜಾತಿಯ ಮೀನುಗಳಲ್ಲಿ ಅಂಥದ್ದೇನೂ ಇಲ್ಲ. ಕಾರ್ಖಾನೆ ಮುಂದಿನ ಒಣಗಿಸಿದ ಕೆಸರಿನ ಪ್ರತಿ ಕಿಲೋದಲ್ಲಿ 2200 ಮಿಲಿಗ್ರಾಂ ಪಿಎಎಚ್, ಅಂದರೆ ಟಾರಿನ ಆ ಬಹುಉಂಗುರದ ಹೈಡ್ರೋಕಾರ್ಬನ್‌ಗಳು. ಒಂದು ಹಿಡಿ ಕೆಸರು ಹಿಂಡಿದರೆ ಎಣ್ಣೆ ಬರಬೇಕು, ಹಾಗಿತ್ತು ಲೆಕ್ಕ.

ಅಷ್ಟೊಂದು ವಿಷ ಇದ್ದಮೇಲೆ ಮೀನಿನ ಮಾಂಸ ಪರೀಕ್ಷೆ ಮಾಡಿದರೆ ಸಾಕಲ್ಲ, ಇಷ್ಟೆಲ್ಲ ಯಾಕೆ ಎಂದು ನಾನೂ ಕೇಳಿಕೊಂಡಿದ್ದೆ. ಉತ್ತರ ಸಿಕ್ಕಾಗ ಕುರ್ಚಿಯಿಂದ ಎದ್ದುನಿಂತೆ. ಮಾಂಸ ಪರೀಕ್ಷಿಸಿದರೆ ಅದರಲ್ಲಿ ಹೆಚ್ಚೇನೂ ಸಿಗುವುದೇ ಇಲ್ಲ! ಪಾದರಸವಾದರೆ ಮಾಂಸದಲ್ಲಿ ಕೂರುತ್ತದೆ, ಡಿಡಿಟಿಯಾದರೆ ಕೊಬ್ಬಿನಲ್ಲಿ ಕೂರುತ್ತದೆ. ಟಾರಿನ ವಿಷವನ್ನು ಮಾತ್ರ ಮೀನು ಕೂಡಿಡುವುದಿಲ್ಲ. ಒಳಗೆ ಬಂದದ್ದನ್ನು ಒಂದೆರಡು ದಿನದಲ್ಲೇ ಮುರಿದು, ನೀರಿನಲ್ಲಿ ಕರಗುವ ಹಾಗೆ ಮಾಡಿ, ಹೊರದಬ್ಬಲು ಅಣಿಮಾಡುತ್ತದೆ. ಪರೀಕ್ಷೆಗೆಂದು ನೀರು ತುಂಬಿದ ಬಾಟಲಿಯನ್ನು ನಂಬೋಣವೆಂದರೆ ಅಳಿವೆಯ ನೀರು ಗಂಟೆಗೊಂದು ಬಣ್ಣ. ಭರತದಲ್ಲಿ ತುಂಬಿದರೆ ಕಡಲ ನೀರು, ಇಳಿತದಲ್ಲಿ ತುಂಬಿದರೆ ಹೊಳೆಯ ನೀರು. ರಾತ್ರಿ ಪೈಪು ತೆರೆದು ಬೆಳಿಗ್ಗೆ ಮುಚ್ಚುವವನ ಗುಟ್ಟು ಬಾಟಲಿಗೆ ಗೊತ್ತಾಗುವ ಬಗೆಯೇ ಇಲ್ಲ. ರಾತ್ರಿಯಿಡೀ ಆ ನೀರನ್ನು ಕಿವಿರಿನಿಂದ ಸೋಸಿದ ಮೀನಿಗೆ ಗೊತ್ತು. ವಿಷ ಮಾಂಸದಲ್ಲಿ ಇಲ್ಲದಿದ್ದರೂ ಅದನ್ನು ಎದುರಿಸಲು ದೇಹ ಪಟ್ಟ ಪಾಡಿನ ಗುರುತು ಇದ್ದೇ ಇರುತ್ತದೆ. ಆ ಗುರುತಿಗೇ ಬಯೋಮಾರ್ಕರ್ ಎನ್ನುವುದು, ಜೈವಿಕ ಸೂಚಕ.

ಆ ಪಾಡು ನಡೆಯುವ ಜಾಗ ಯಕೃತ್ತು.

ಅದರ ಜೀವಕೋಶದೊಳಗೆ ಎಎಚ್‌ಆರ್ ಎಂಬ ಒಂದು ಪ್ರೋಟೀನ್ ಸುಮ್ಮನೆ ತೇಲುತ್ತಿರುತ್ತದೆ, ಬಾಗಿಲು ಕಾಯುವ ಹಾಗೆ. ಟಾರಿನ ಅಣುವೊಂದು ಒಳಗೆ ಬಂದು ಅದರ ಕೈಗೆ ಸಿಕ್ಕಿತೋ, ಅದನ್ನು ಅಪ್ಪಿಕೊಂಡೇ ಇದು ಕೋಶದ ನಡುಮನೆಗೆ, ಡಿಎನ್‌ಎ ಇರುವಲ್ಲಿಗೆ ಓಡುತ್ತದೆ. ಹೋಗಿ ಒಂದು ಜೀನನ್ನು ಎಬ್ಬಿಸುತ್ತದೆ. ಆ ಜೀನಿನಿಂದ ಸಿಪ್‌1ಎ ಎಂಬ ಕಿಣ್ವ ತಯಾರಾಗತೊಡಗುತ್ತದೆ. ಒಂದಲ್ಲ ಎರಡಲ್ಲ, ರಾಶಿರಾಶಿ. ಎಣ್ಣೆಯಂಥ ಜಿಡ್ಡು ಅಣುವಿಗೆ ಆಮ್ಲಜನಕವನ್ನು ಸಿಕ್ಕಿಸಿ ನೀರಿಗೆ ಒಗ್ಗಿಸುವುದು ಆ ಕಿಣ್ವದ ಕೆಲಸ. ಬಟ್ಟೆಯ ಜಿಡ್ಡಿಗೆ ಸಾಬೂನು ಹಾಕಿದ ಹಾಗೆ. ಜಿಡ್ಡು ಬಿಟ್ಟದ್ದು ಪಿತ್ತಕೋಶಕ್ಕೆ ಹರಿದು, ಮೀನು ಮುಂದಿನ ಊಟ ಮಾಡುವವರೆಗೆ ಅಲ್ಲಿ ಕಾಯುತ್ತದೆ. ಅಮ್ಮ ಉಗುರು ತಾಗಿಸಬೇಡ ಎನ್ನುತ್ತಿದ್ದ ಹಸಿರು ಚೀಲದಲ್ಲಿ! ಅಮೆರಿಕದ ಸಿಯಾಟಲ್‌ನಲ್ಲಿ ಮಾರ್ಗರೆಟ್ ಕ್ರಾನ್ ಮತ್ತು ಜೊತೆಗಾರರು 1984ರಲ್ಲಿ ರೂಪಿಸಿದ್ದು ಈ ಪಿತ್ತದ ಹೊಳಪನ್ನು ಅಳೆಯುವ ವಿಧಾನವನ್ನೇ.

ಇಲ್ಲೊಂದು ಘೋರ ವಿಪರ್ಯಾಸವಿದೆ. ಟಾರಿನ ವಿಷಗಳಲ್ಲಿ ಕುಖ್ಯಾತವಾದ ಬೆಂಜೋಪೈರೀನ್ ತಾನಾಗಿ ಅಷ್ಟು ಕೆಟ್ಟದ್ದಲ್ಲ. ಐದು ಉಂಗುರಗಳ ಸಪಾಟಾದ ಸೋಮಾರಿ ಅಣು. ಅದನ್ನು ತೊಳೆದು ಕಳಿಸಲು ಹೊರಟ ಕಿಣ್ವವೇ ನಡುದಾರಿಯಲ್ಲಿ ಅದನ್ನು ಒಂದು ಉಗ್ರ ರೂಪಕ್ಕೆ ತಿರುಗಿಸುತ್ತದೆ, ಆ ರೂಪ ಹೋಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಕ್ಯಾನ್ಸರಿನ ಬೀಜ ಬೀಳುವುದು ಅಲ್ಲಿ. ಲಂಡನ್ನಿನ ಚಿಮಣಿ ಗುಡಿಸುವ ಹುಡುಗರಿಗೆ ಬರುವ ಕ್ಯಾನ್ಸರಿಗೆ ಮಸಿಯೇ ಕಾರಣ ಎಂದು ಪರ್ಸಿವಲ್ ಪಾಟ್ ಎಂಬ ವೈದ್ಯ 1775ರಲ್ಲೇ ಬರೆದಿದ್ದ. ಆ ಮಸಿಯೊಳಗಿದ್ದುದೂ ಇದೇ ಉಂಗುರಗಳ ಬಳಗ. ಚಿಮಣಿಯ ಹುಡುಗನಿಗೂ ಎಲಿಜಬೆತ್ ನದಿಯ ಮೀನಿಗೂ ಒಂದೇ ಪಾಡು, ಒಂದೇ ದಾರಿ. ಕೋಟ್ಯಂತರ ವರ್ಷಗಳ ಹಿಂದೆ ಬೇರೆಯಾದ ಎರಡು ಜೀವಗಳಲ್ಲಿ ಅದೇ ಕಾವಲುಗಾರ, ಅದೇ ಸಾಬೂನು, ಅದೇ ಎಡವಟ್ಟು!

ಈ ಕಿಣ್ವವನ್ನು ಕಡಲ ಮಾಲಿನ್ಯದ ಗಂಟೆಯಾಗಿ ಬಳಸಬಹುದು ಎಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿದ್ದ ಜೆ. ಎಫ್. ಪೇಯ್ನ್ 1976ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಈಗ ಅದನ್ನು ಅಳೆಯುವ ಬಗೆ ನೋಡಲು ಚಂದ. ಯಕೃತ್ತಿನ ಚೂರನ್ನು ಅರೆದು, ಯಂತ್ರದಲ್ಲಿ ಭರ್ರನೆ ತಿರುಗಿಸಿ, ಕಿಣ್ವ ಇರುವ ಅಂಶವನ್ನು ಬೇರೆ ಮಾಡುತ್ತಾರೆ. ಅದಕ್ಕೆ ಈಥಾಕ್ಸಿರೆಸಾರುಫಿನ್ ಎಂಬ ಬಾಯಿ ತಿರುಗದ ಹೆಸರಿನ ವಸ್ತುವನ್ನು ಹಾಕುತ್ತಾರೆ. ಕಿಣ್ವ ಅದನ್ನೂ ವಿಷವೆಂದೇ ಬಗೆದು ಕತ್ತರಿಸುತ್ತದೆ. ಕತ್ತರಿಸಿದಾಗ ಉಳಿಯುವ ರೆಸಾರುಫಿನ್ ಹಸಿರು ಬೆಳಕಿಗೆ ಕಿತ್ತಳೆಗೆಂಪಾಗಿ ಬೆಳಗುತ್ತದೆ. ಬೆಳಗು ಜಾಸ್ತಿಯಾದರೆ ಕಿಣ್ವ ಜಾಸ್ತಿ. ಕಿಣ್ವ ಜಾಸ್ತಿಯೆಂದರೆ ಮೀನು ಯಾವುದೋ ವಿಷದ ಜೊತೆ ಕುಸ್ತಿ ಮಾಡುತ್ತಿದೆ. ಅಳಿವೆಯ ಜಾತಕ ಒಂದು ಸಣ್ಣ ಗಾಜಿನ ಕೊಳವೆಯಲ್ಲಿ.

ಸೂಚಕ ಇದೊಂದೇ ಅಲ್ಲ. ಗದ್ದೆಗೆ ಹೊಡೆದ ಆರ್ಗನೋಫಾಸ್ಫೇಟ್ ಕೀಟನಾಶಕ ಮಳೆಗೆ ತೊಳೆದು ಹೊಳೆಗೆ ಬಂದರೆ ಮೀನಿನ ಮಿದುಳಿನಲ್ಲಿ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಮಂಕಾಗುತ್ತದೆ. ಕ್ಯಾಡ್ಮಿಯಂ, ತಾಮ್ರ, ಸತು ಮಿತಿಮೀರಿದರೆ ಅವನ್ನು ಹಿಡಿದು ಕಟ್ಟಿಹಾಕಲು ಮೆಟಲೋಥಯೋನಿನ್ ಎಂಬ ಪ್ರೋಟೀನ್ ಹೆಚ್ಚುತ್ತದೆ. 1957ರಲ್ಲಿ ಅದನ್ನು ಮೊದಲು ಕಂಡದ್ದು ಕುದುರೆಯ ಮೂತ್ರಪಿಂಡದಲ್ಲಿ! ಇನ್ನು ರಕ್ತ. ನಮ್ಮ ಕೆಂಪು ರಕ್ತಕಣಕ್ಕೆ ಕೋಶಕೇಂದ್ರವಿಲ್ಲ, ಮೀನಿನದಕ್ಕೆ ಇದೆ. ಡಿಎನ್‌ಎಗೆ ಪೆಟ್ಟು ಬಿದ್ದರೆ ಮುರಿದ ತುಣುಕು ಆ ಕೇಂದ್ರದ ಪಕ್ಕದಲ್ಲಿ ಪುಟ್ಟ ಚುಕ್ಕಿಯಾಗಿ ಉಳಿಯುತ್ತದೆ. ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ರಕ್ತ ಸವರಿ, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ಚುಕ್ಕಿ ಎಣಿಸಿದರಾಯಿತು. ಮೀನನ್ನು ಕೊಲ್ಲಲೂ ಬೇಕಿಲ್ಲ. ಬಡ ಪ್ರಯೋಗಾಲಯಕ್ಕೆ ಹೇಳಿಮಾಡಿಸಿದ ಪರೀಕ್ಷೆ ಇದ್ದರೆ ಇದೇ ಎಂದು ನನ್ನ ಎಣಿಕೆ.

ಇವೆಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಮಾತ್ರ ಇಂಗ್ಲೆಂಡಿನ ಗಂಡುಮೀನು.

1970ರ ದಶಕದ ಕೊನೆಯಲ್ಲಿ ಲಂಡನ್ನಿನ ಉತ್ತರಕ್ಕಿರುವ ಲೀ ನದಿಯ ಬದಿಯಲ್ಲಿ, ಕೊಳಚೆನೀರು ಶುದ್ಧೀಕರಿಸುವ ಕೊಳಗಳಲ್ಲಿ, ಗಾಳ ಹಾಕುವವರಿಗೆ ವಿಚಿತ್ರ ಮೀನುಗಳು ಸಿಕ್ಕವು. ಹೊಟ್ಟೆಯೊಳಗೆ ಗಂಡು ಹೆಣ್ಣು ಎರಡೂ! ಕಾರಣ ಹುಡುಕಿದವರಲ್ಲಿ ಬ್ರೂನೆಲ್ ವಿಶ್ವವಿದ್ಯಾಲಯದ ಜಾನ್ ಸಂಪ್ಟರ್ ಒಬ್ಬರು. ಅವರು ಬಳಸಿದ ಸೂಚಕ ವಿಟೆಲೊಜೆನಿನ್, ಅಂದರೆ ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನ್. ಹೆಣ್ಣುಮೀನಿನ ಯಕೃತ್ತು ಈಸ್ಟ್ರೋಜೆನ್ ಹಾರ್ಮೋನಿನ ಅಪ್ಪಣೆಯಂತೆ ಅದನ್ನು ತಯಾರಿಸಿ ರಕ್ತದಲ್ಲಿ ಅಂಡಾಶಯಕ್ಕೆ ಕಳಿಸುತ್ತದೆ. ಗಂಡಿನ ಯಕೃತ್ತಿನಲ್ಲೂ ಆ ಜೀನ್ ಇದೆ, ಆದರೆ ಅಪ್ಪಣೆ ಬರುವುದಿಲ್ಲವಾಗಿ ಜನ್ಮವಿಡೀ ಮಲಗಿರುತ್ತದೆ. ಸಂಶೋಧಕರು ಬಲೆಗೂಡುಗಳಲ್ಲಿ ಟ್ರೌಟ್ ಮೀನುಗಳನ್ನು ಇಟ್ಟು ಶುದ್ಧೀಕರಿಸಿದ ಕೊಳಚೆನೀರಿಗೆ ಇಳಿಬಿಟ್ಟರು. ಕೆಲವೇ ವಾರ. ತೆಗೆದು ರಕ್ತ ಪರೀಕ್ಷಿಸಿದರೆ ವಿಟೆಲೊಜೆನಿನ್ ಕೆಲವೆಡೆ 500 ಪಟ್ಟು, ಕೆಲವೆಡೆ ಒಂದು ಲಕ್ಷ ಪಟ್ಟು ಏರಿತ್ತು! ಗಂಡುಮೀನುಗಳು ತಮ್ಮ ಜನ್ಮದಲ್ಲಿ ಇಡದ ಮೊಟ್ಟೆಗೆ ಹಳದಿ ತಯಾರಿಸುತ್ತ ಕೂತಿದ್ದವು. 1994ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ನಾಲ್ಕು ವರ್ಷದಲ್ಲಿ ಅಪ್ಪಣೆ ಕೊಟ್ಟವರ ಗುರುತೂ ಸಿಕ್ಕಿತು: ಮನುಷ್ಯರ ಮೂತ್ರದಲ್ಲಿ ಹೋಗುವ ಸಹಜ ಈಸ್ಟ್ರೋಜೆನ್, ಮತ್ತು ಗರ್ಭನಿರೋಧಕ ಮಾತ್ರೆಯ ಎಥಿನೈಲ್‌ಎಸ್ಟ್ರಡಯಾಲ್. ಲೀಟರಿಗೆ ಕೆಲವೇ ನ್ಯಾನೋಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಕೆಲವೇ ಪಾಲು.

ಅಳಿವೆಗಳ ಸರದಿ ಬಂದಾಗ ಅಲ್ಲಿನ ಸಂಶೋಧಕರು ಆರಿಸಿಕೊಂಡದ್ದು ಫ್ಲೌಂಡರ್, ನಮ್ಮ ನಂಗಿನ ಹಾಗೆ ತಳದ ಕೆಸರಿಗೆ ಅಂಟಿ ಮಲಗುವ ಚಪ್ಪಟೆ ಮೀನು. ಟೈನ್, ಟೀಸ್, ಮರ್ಸಿ ಅಳಿವೆಗಳ ಗಂಡು ಫ್ಲೌಂಡರ್‌ಗಳ ರಕ್ತದಲ್ಲೂ ಅದೇ ಹಳದಿಯ ಪ್ರೋಟೀನ್. ಮರ್ಸಿಯಲ್ಲಿ ಕೆಲವು ಗಂಡುಗಳ ವೃಷಣದೊಳಗೇ ಮೊಟ್ಟೆಗಳು! ಇಷ್ಟರಿಂದ ಮೀನಿನ ಸಂತತಿಗೆ ಏನಾದೀತು ಎಂಬ ಪ್ರಶ್ನೆಗೆ ಕೆನಡಾದವರು ಒಂದು ಇಡೀ ಕೆರೆಯನ್ನೇ ಪ್ರಯೋಗಾಲಯ ಮಾಡಿದರು. ಒಂಟಾರಿಯೊದ 260ನೇ ನಂಬರಿನ ಕೆರೆಗೆ 2001ರಿಂದ 2003ರವರೆಗೆ ಬೇಸಿಗೆಗಳಲ್ಲಿ ಲೀಟರಿಗೆ ಐದಾರು ನ್ಯಾನೋಗ್ರಾಂ ಆಗುವಂತೆ ಆ ಮಾತ್ರೆಯ ಹಾರ್ಮೋನ್ ಬೆರೆಸಿದರು. ಗಂಡುಗಳಲ್ಲಿ ಮೊದಲು ವಿಟೆಲೊಜೆನಿನ್ ಏರಿತು, ಆಮೇಲೆ ಫ್ಯಾಟ್‌ಹೆಡ್ ಮಿನ್ನೋ ಎಂಬ ಸಣ್ಣ ಮೀನಿನ ಸಂತತಿ ಆ ಕೆರೆಯಲ್ಲಿ ಹೆಚ್ಚುಕಡಿಮೆ ಅಳಿಸಿಹೋಯಿತು. ರಕ್ತದ ಗುರುತು ಸುಳ್ಳು ಹೇಳಿರಲಿಲ್ಲ.

ಹಾಗಾದರೆ ಸೂಚಕ ಏರಿದರೆ ಕೊಳೆ, ಏರದಿದ್ದರೆ ಶುದ್ಧ ಎಂದು ಬರೆದು ಮುಗಿಸಬಹುದಿತ್ತು. ಎಲಿಜಬೆತ್ ನದಿಯ ಬೆರಳುದ್ದದ ಮೀನು ಬಿಡಲಿಲ್ಲ.

ಪೀಟರ್ ವ್ಯಾನ್ ವೆಲ್ಡ್ ಅದೇ ವರ್ಜೀನಿಯಾ ಸಂಸ್ಥೆಯವರು. ಕಾರ್ಖಾನೆ ಮುಂದಿನ ಮಮ್ಮಿಚಾಗ್‌ಗಳಲ್ಲಿ ಆ ಸಿಪ್‌1ಎ ಕಿಣ್ವ ಉಕ್ಕಿ ಹರಿಯುತ್ತಿರಬೇಕು ತಾನೇ? ಜಗತ್ತಿನ ಅತಿ ಕೊಳಕು ಕೆಸರುಗಳಲ್ಲಿ ಒಂದರ ಮೇಲೆ ಹುಟ್ಟಿಬೆಳೆದ ಮೀನು. ಅಳೆದು ನೋಡಿದರೆ ಕಿಣ್ವ ತಗ್ಗಿತ್ತು! 1995ರಲ್ಲಿ ಅವರು ಇದನ್ನು ಪ್ರಕಟಿಸಿದರು. ಲಿವರಿನಲ್ಲಿ ಕ್ಯಾನ್ಸರ್, ಕಾಲಡಿಯಲ್ಲಿ ಟಾರು, ಆದರೆ ಬಾರಿಸಬೇಕಾದ ಗಂಟೆ ಮೌನ. ಕೊಳವೆಯ ಕಿತ್ತಳೆ ಬೆಳಗನ್ನು ಮಾತ್ರ ನಂಬಿದ್ದವನು ಆ ಜಾಗಕ್ಕೆ "ಶುದ್ಧ" ಎಂದು ಸರ್ಟಿಫಿಕೇಟ್ ಬರೆದುಕೊಟ್ಟು ಮನೆಗೆ ಹೋಗುತ್ತಿದ್ದ.

ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಡಿ ಜೂಲಿಯೊ ಮತ್ತು ಶಿಷ್ಯರು ಮೊಟ್ಟೆಗಳನ್ನು ತಂದು ನೋಡಿದರು. ಶುದ್ಧ ಹಳ್ಳದ ಮಮ್ಮಿಚಾಗ್ ಮೊಟ್ಟೆಗಳನ್ನು ಎಲಿಜಬೆತ್ ನದಿಯ ಕೆಸರಿನ ಸಾರದಲ್ಲಿ ಇಟ್ಟರೆ ಭ್ರೂಣದ ಹೃದಯವೇ ಕೆಡುತ್ತದೆ. ಮಡಿಚಿಕೊಂಡು ಕೋಣೆಗಳಾಗುವ ಬದಲು ದಾರದ ಹಾಗೆ ಎಳೆದ ಕೊಳವೆಯಾಗಿ ಉಳಿಯುತ್ತದೆ. ಕಾರ್ಖಾನೆ ಮುಂದಿನ ಮೀನಿನ ಮೊಟ್ಟೆಗಳಿಗೆ ಅದೇ ಸಾರದಲ್ಲಿ ಏನೂ ಆಗುವುದಿಲ್ಲ. ಹೃದಯ ಡಬಡಬ ಬಡಿಯುತ್ತದೆ. ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಸಾಕಿದ ಮರಿಗಳಿಗೂ ಆ ತಾಳಿಕೆ ಬಂದಿತ್ತು. ಅಂದರೆ ಇದು ರೂಢಿಯಿಂದ ಬಂದದ್ದಲ್ಲ, ರಕ್ತದಲ್ಲೇ ಬಂದದ್ದು. ಕಾರ್ಖಾನೆ ಶುರುವಾಗಿ ಒಬ್ಬ ಅಜ್ಜನ ಆಯುಷ್ಯದಷ್ಟು ಕಾಲದಲ್ಲಿ ಮೀನು ವಿಕಾಸ ಹೊಂದಿತ್ತು!

ಆಮೇಲೆ ಬಂತು 2016ರ ಡಿಸೆಂಬರ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಆಂಡ್ರ್ಯೂ ವೈಟ್‌ಹೆಡ್, ಜೊತೆಗೆ ನೋವಾ ರೀಡ್, ಡಯೇನ್ ನಾಚಿ ಮುಂತಾದವರು 'ಸೈನ್ಸ್' ಪತ್ರಿಕೆಯಲ್ಲಿ 384 ಕಿಲ್ಲಿಫಿಶ್‌ಗಳ ಪೂರ್ತಿ ಜೀನೋಮ್ ಓದಿದ ವರದಿ ಕೊಟ್ಟರು. ನಾಲ್ಕು ಕೊಳಕು ಅಳಿವೆಗಳು: ನ್ಯೂ ಬೆಡ್‌ಫರ್ಡ್, ಬ್ರಿಡ್ಜ್‌ಪೋರ್ಟ್, ನ್ಯೂವಾರ್ಕ್, ಎಲಿಜಬೆತ್. ಅವಕ್ಕೆ ಹೋಲಿಸಲು ನಾಲ್ಕು ಶುದ್ಧ ಜಾಗಗಳು. ನೂರಾರು ಮೈಲಿ ಕರಾವಳಿಯಲ್ಲಿ ಚದುರಿದ ಈ ನಾಲ್ಕು ಮೀನುವಂಶಗಳು ಒಂದನ್ನೊಂದು ಕಂಡದ್ದಿಲ್ಲ. ವಿಷವೂ ಒಂದೇ ಅಲ್ಲ. ನ್ಯೂ ಬೆಡ್‌ಫರ್ಡ್‌ನಲ್ಲಿ ವಿದ್ಯುತ್ ಕೆಪಾಸಿಟರ್ ಮಾಡುವ ಕಾರ್ಖಾನೆಗಳ ಪಿಸಿಬಿ ಎಂಬ ರಾಸಾಯನಿಕ, ಎಲಿಜಬೆತ್‌ನಲ್ಲಿ ಟಾರು. ಆದರೂ ನಾಲ್ಕೂ ಕಡೆ ಬದಲಾವಣೆ ಬಿದ್ದಿದ್ದು ಒಂದೇ ಜಾಗಕ್ಕೆ: ಆ ಬಾಗಿಲು ಕಾಯುವ ಎಎಚ್‌ಆರ್ ಮತ್ತು ಅದರ ಬಳಗಕ್ಕೆ! ಕೆಲವು ಮೀನುಗಳಲ್ಲಿ ಆ ಜೀನಿನ ತುಂಡೇ ಕಿತ್ತುಹೋಗಿತ್ತು. ಗಂಟೆಯ ಸದ್ದು ತಡೆಯಲಾಗದೆ ಹಗ್ಗವನ್ನೇ ಕೊಯ್ದ ಹಾಗೆ. ಇವು ತಾಳಿಕೊಳ್ಳುವ ವಿಷದ ಪ್ರಮಾಣ ಸಾಮಾನ್ಯ ಕಿಲ್ಲಿಫಿಶ್ ತಾಳುವುದಕ್ಕಿಂತ 8000 ಪಟ್ಟಿನವರೆಗೂ ಹೆಚ್ಚು.

ಎಂಟು ಸಾವಿರ ಪಟ್ಟು. ಇನ್ನೊಮ್ಮೆ ಓದಿಕೊಳ್ಳಿ.

ಇದನ್ನು ಕೇಳಿ "ನೋಡಿ, ಪ್ರಕೃತಿ ಹೇಗೋ ಸುಧಾರಿಸಿಕೊಳ್ಳುತ್ತದೆ" ಎನ್ನುವವರು ಇದ್ದಾರೆ. ಅವರ ಮೇಲೆ ನನಗೆ ಸಿಟ್ಟು ಬರುತ್ತದೆ. ಕಿಲ್ಲಿಫಿಶ್‌ಗೆ ಈ ಭಾಗ್ಯ ಸಿಕ್ಕಿದ್ದು ಅದರ ಸಂಖ್ಯೆಯಿಂದ. ಲಕ್ಷಗಟ್ಟಲೆ ಮೀನು, ಒಂದೊಂದರ ಜೀನೂ ಒಂದೊಂದು ತರಹ; ಆ ರಾಶಿಯಲ್ಲಿ ಎಲ್ಲೋ ಒಂದೆರಡಕ್ಕೆ ಆಗಲೇ ಹಗ್ಗ ತುಂಡಾಗಿತ್ತು, ಅವು ಉಳಿದವು, ಮಿಕ್ಕವು ಸತ್ತವು. ನಿಧಾನ ಬೆಳೆಯುವ, ಕಡಿಮೆ ಮರಿಹಾಕುವ ಜೀವಕ್ಕೆ ಅಂಥ ಲಾಟರಿಯಿಲ್ಲ. ಉಳಿದವೂ ಬೆಲೆ ತೆತ್ತಿವೆ. ಎಲಿಜಬೆತ್ ನದಿಯ ಮರಿಗಳು ಆಮ್ಲಜನಕ ಕಡಿಮೆಯಾದರೆ ಬೇರೆಯವಕ್ಕಿಂತ ಬೇಗ ಸೋಲುತ್ತವೆ ಎಂದು 2003ರಲ್ಲಿ ಮೇಯರ್ ಮತ್ತು ಡಿ ಜೂಲಿಯೊ ತೋರಿಸಿಕೊಟ್ಟರು. ಭ್ರೂಣದ ಹೃದಯ ಉಳಿದರೂ ದೊಡ್ಡವುಗಳ ಯಕೃತ್ತಿನ ಕ್ಯಾನ್ಸರ್ ತಪ್ಪಲಿಲ್ಲ ಎನ್ನುವುದನ್ನಂತೂ ಮೊದಲೇ ಹೇಳಿದೆ.

ಇನ್ನೂ ಒಂದು ಹೇಳದೆ ಮುಂದೆ ಹೋಗಲಾರೆ. ಮೆಕ್ಸಿಕೊ ಕೊಲ್ಲಿಯ ದಡದ ಹ್ಯೂಸ್ಟನ್ ಹಡಗುಕಾಲುವೆಯಲ್ಲಿ ಇದರ ದಾಯಾದಿ ಇದೆ, ಗಲ್ಫ್ ಕಿಲ್ಲಿಫಿಶ್. ಅದೂ ವಿಷ ತಾಳುತ್ತದೆ. ಹೇಗೆ ಎಂದು ಜೀನೋಮ್ ಓದಿದರೆ ತಾಳಿಕೆಯ ಜೀನ್ ಅದರದ್ದೇ ಅಲ್ಲ, ಅಟ್ಲಾಂಟಿಕ್ ಕರಾವಳಿಯ ಮಮ್ಮಿಚಾಗ್‌ದು! ಸಾವಿರಾರು ಕಿಲೋಮೀಟರ್ ಆಚೆಯಿಂದ, ಬಹುಶಃ ಯಾವುದೋ ಹಡಗು ತೂಕಕ್ಕೆಂದು ತುಂಬಿಕೊಂಡ ಬ್ಯಾಲಾಸ್ಟ್ ನೀರಿನಲ್ಲಿ ಕೂತು ಕೆಲವು ಮೀನು ಬಂದಿರಬೇಕು. ಸಂಬಂಧ ಬೆಳೆಸಿ, ಜೀನನ್ನು ಬಿಟ್ಟುಹೋಗಿವೆ. 2019ರ ಸುದ್ದಿ ಇದು. ಕೊಳೆಯನ್ನು ತಂದ ಹಡಗೇ ಅದನ್ನು ತಾಳುವ ಜೀನನ್ನೂ ತಂದಿತೋ ಏನೋ.

ಆದ್ದರಿಂದ ಮೀನಿನ ಸಾಕ್ಷಿ ಕೇಳುವವರು ಅದರ ಮೌನವನ್ನೂ ಕೇಳಬೇಕು. ನೀರಿನ ತಾಪ ಬದಲಾದರೆ, ಹೆಣ್ಣು ಮೊಟ್ಟೆ ತುಂಬಿಕೊಂಡಿದ್ದರೆ ಕೂಡ ಸಿಪ್‌1ಎ ಏರುಪೇರಾಗುತ್ತದೆ. ಅದಕ್ಕೇ ಒಂದೇ ಕಾಲದಲ್ಲಿ, ಒಂದೇ ಅಳತೆಯ ಮೀನು ಹಿಡಿದು, ಗಂಡನ್ನು ಗಂಡಿಗೇ ಹೋಲಿಸುತ್ತಾರೆ. ಕಿಣ್ವ ಸುಮ್ಮನಿದ್ದರೆ ಪಿತ್ತ ನೋಡುತ್ತಾರೆ, ರಕ್ತದ ಚುಕ್ಕಿ ಎಣಿಸುತ್ತಾರೆ, ಯಕೃತ್ತು ಸೀಳುತ್ತಾರೆ. ಸಂಶಯ ಬಂದರೆ ಶುದ್ಧ ಜಾಗದ ಮೀನನ್ನು ಗೂಡಿನಲ್ಲಿ ತಂದು ಕೊಳಕು ಜಾಗದಲ್ಲಿ ಇಳಿಬಿಟ್ಟು ಕಾಯುತ್ತಾರೆ. ಹಗ್ಗ ತುಂಡಾಗದ ಹೊಸ ಸಾಕ್ಷಿ ಅದು.

ಈ ಸಾಕ್ಷಿ ಒಳ್ಳೆಯ ಸುದ್ದಿಯನ್ನೂ ಹೇಳಬಲ್ಲದು. ಸಿಯಾಟಲ್ ಎದುರಿಗಿನ ಬೈನ್‌ಬ್ರಿಜ್ ದ್ವೀಪದ ಈಗಲ್ ಹಾರ್ಬರ್‌ನಲ್ಲೂ ಒಂದು ಕ್ರಿಯೋಸೋಟ್ ಕಾರ್ಖಾನೆ ಇತ್ತು. ಅಲ್ಲಿನ ಇಂಗ್ಲಿಷ್ ಸೋಲ್ ಎಂಬ ಚಪ್ಪಟೆ ಮೀನಿನ ಯಕೃತ್ತಿನಲ್ಲೂ ಗಂಟು, ಕಲೆ. 1993 ಮತ್ತು 94ರಲ್ಲಿ ಆ ಕೊಳಕು ತಳದ ಮೇಲೆ ಶುದ್ಧ ಹೂಳನ್ನು ದಪ್ಪನೆಯ ಕಂಬಳಿಯಂತೆ ಹಾಸಿದರು. ಆಮೇಲೆ ಹತ್ತು ವರ್ಷ ಮೀನು ಹಿಡಿದು ಹಿಡಿದು ನೋಡಿದರು. ಪಿತ್ತದ ಹೊಳಪು ಇಳಿಯಿತು. ಡಿಎನ್‌ಎಗೆ ಅಂಟಿದ ಜಿಡ್ಡು ಇಳಿಯಿತು. ಯಕೃತ್ತಿನ ಕಾಯಿಲೆ ಇಳಿಯಿತು. ಖರ್ಚು ಸಾರ್ಥಕವಾಯಿತೇ ಎಂಬ ಪ್ರಶ್ನೆಗೆ ಮೀನೇ ರಸೀದಿ ಕೊಟ್ಟಿತು.

ಓದುತ್ತ ಓದುತ್ತ ನನ್ನ ಮನಸ್ಸು ಹೋದದ್ದು ನಮ್ಮ ಅಳಿವೆಗಳ ಕಡೆಗೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಕುಂದಾಪುರದ ಪಂಚಗಂಗಾವಳಿ. ಮಂಗಳೂರಿನಲ್ಲಿ ನೇತ್ರಾವತಿ, ಫಲ್ಗುಣಿ ಒಂದೇ ಬಾಯಲ್ಲಿ ಕಡಲು ಸೇರುವ ಜಾಗ. ಅದರ ಒಂದು ದಡದಲ್ಲಿ ಬಂದರು, ದೋಣಿಗಳ ಡೀಸೆಲ್, ನಗರದ ಚರಂಡಿ. ನಮ್ಮಲ್ಲಿ ನೀರಿನ ಪರೀಕ್ಷೆಯೆಂದರೆ ಮುಖ್ಯವಾಗಿ ಬಾಟಲಿಯ ಲೆಕ್ಕ: ಕರಗಿದ ಆಮ್ಲಜನಕ ಎಷ್ಟು, ಕೊಳೆ ಕೊಳೆಯಲು ಬೇಕಾಗುವ ಆಮ್ಲಜನಕ (ಬಿಒಡಿ) ಎಷ್ಟು, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಎಷ್ಟು. ಬೇಕಾದ ಲೆಕ್ಕವೇ. ಆದರೆ ಮೀನಿನ ಪಿತ್ತ ಹೇಳುವುದನ್ನು ಅದು ಹೇಳುವುದಿಲ್ಲ.

ಬೇಕಾದದ್ದೆಲ್ಲ ಇಲ್ಲೇ ಇದೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ಅಳಿವೆಯ ಮರಳಿನಲ್ಲಿ ಹುದುಗುವ ಕಾಣೆ ಮೀನು ಇದೆ. ಹೋಲಿಸಲು ಒಂದು ಒಳ್ಳೆಯ ಜಾಗ ಬೇಕಲ್ಲ, ಅದಕ್ಕೆ ಅಣೆಕಟ್ಟಿಲ್ಲದೆ ಹರಿದು ಬರುವ ಅಘನಾಶಿನಿ ಇದೆ. 2024ರಲ್ಲಿ ಅದರ ಅಳಿವೆ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಪಿತ್ತ ಒಡೆಯದ ಹಾಗೆ ಮೀನು ಸೀಳಬಲ್ಲ ಕೈಗಳಿಗೆ ಈ ಕರಾವಳಿಯಲ್ಲಿ ಎಂದೂ ಬರಗಾಲವಿಲ್ಲ. ಇನ್ನು ಮುಂದೆ ಅಳಿವೆಯ ನೀರು ತುಂಬಿಕೊಳ್ಳಲು ದೋಣಿ ಹತ್ತುವವರು ಬಾಟಲಿಯ ಜೊತೆಗೆ ಒಂದು ಬಲೆಯನ್ನೂ ಹಾಕಿಕೊಂಡು ಹೋಗಲಿ.